ಹ್ಯಾಂಗರ್ ರಾಡ್ ಎರಡು ತುಂಡು ಮಾಡೋಣ ಅಂತಿದ್ದಾರೆ, ಒಪ್ಪಬಹುದಾ?

ಸೈಟ್_ಸೂಪರ್‌ವೈಸರ್:
ಎಲ್ಲರಿಗೂ ನಮಸ್ಕಾರ. ನಮ್ಮ ಕಟ್ಟಡದಲ್ಲಿ ಎರಡು ವಾಕ್‌ವೇ (ಓಡಾಡೋ ತೂಗುದಾರಿ) ಒಂದರ ಕೆಳಗೊಂದು ಚಾವಣಿಯಿಂದ ರಾಡ್‌ಗಳಲ್ಲಿ ತೂಗಬೇಕು. ಡ್ರಾಯಿಂಗ್‌ನಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ರಾಡ್ ಇದೆ. ಅಷ್ಟುದ್ದ ಥ್ರೆಡ್ ಹಾಕೋದು, ಏರಿಸುವಾಗ ಥ್ರೆಡ್ ಜಜ್ಜಿಹೋಗದಂತೆ ಕಾಯೋದು ತಲೆನೋವು ಅಂತ ಕಬ್ಬಿಣದ ಕೆಲಸ ಮಾಡೋ ಫ್ಯಾಬ್ರಿಕೇಟರ್ ವರಾತ. ಮೇಲಿನ ಬೀಮ್‌ವರೆಗೆ ಒಂದು ರಾಡ್, ಅದೇ ಬೀಮ್‌ನಲ್ಲಿ ಪಕ್ಕಕ್ಕೆ ತೂತು ಕೊರೆದು ಕೆಳಕ್ಕೆ ಇನ್ನೊಂದು ರಾಡ್ ಬಿಡ್ತಾರಂತೆ. "ರಾಡ್ ಅದೇ ದಪ್ಪ, ಭಾರ ಅದೇ, ಇನ್ನೇನ್ ಸಾರ್" ಅಂತಾರೆ. ಕೇಳಿದರೆ ಸರಿ ಅನ್ನಿಸುತ್ತೆ, ಸಹಿ ಹಾಕೋಕೆ ಮಾತ್ರ ಕೈ ಬರ್ತಿಲ್ಲ.

ಕಬ್ಬಿಣದ_ಮೇಷ್ಟ್ರು:
ಸಹಿ ಹಾಕಬೇಡಿ. ರಾಡ್ ವಿಚಾರದಲ್ಲಿ ಅವರು ಹೇಳಿದ್ದು ನಿಜ, ಮೇಲಿನ ರಾಡ್ ಹೇಗೆ ಮಾಡಿದರೂ ಎರಡು ವಾಕ್‌ವೇ ಭಾರವನ್ನೇ ಹೊರುತ್ತೆ. ನೀವು ನೋಡಬೇಕಾದ್ದು ಮೇಲಿನ ಬೀಮ್‌ನ ಕೆಳಗಿರೋ ನಟ್. ಒಂದೇ ರಾಡ್ ಇದ್ದಾಗ ಆ ನಟ್ ಮೇಲೆ ಮೇಲಿನ ವಾಕ್‌ವೇ ಭಾರ ಮಾತ್ರ. ಕೆಳಗಿನದು ತನ್ನ ನಟ್ ಮೂಲಕ ನೇರ ರಾಡ್‌ಗೆ ಹೋಗುತ್ತೆ. ತುಂಡು ಮಾಡಿದಿರೋ, ಕೆಳಗಿನ ವಾಕ್‌ವೇ ಮೇಲಿನ ಬೀಮ್‌ಗೇ ಜೋತುಬೀಳುತ್ತೆ. ಅದೇ ನಟ್, ಅದೇ ತೂತು, ಭಾರ ಎರಡರಷ್ಟು.

ಇದು ಬಾಯಿಮಾತಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಲ್ಲಿ ಇದೇ ಬದಲಾವಣೆ ಮಾಡಿದ್ದರು. 1981ರ ಜುಲೈ 17ರ ಸಂಜೆ ನಾಲ್ಕನೇ ಮಹಡಿಯ ವಾಕ್‌ವೇ ಕಳಚಿ, ಎರಡನೇ ಮಹಡಿಯದನ್ನೂ ಎಳೆದುಕೊಂಡು ಲಾಬಿಯ ಜನರ ಮೇಲೆ ಬಿತ್ತು. 114 ಜನ ಸತ್ತರು. ಅಲ್ಲಿನ ಬೀಮ್ ಅಂದರೆ ಎರಡು ಚಾನಲ್‌ಗಳನ್ನು (C ಆಕಾರದ ಉಕ್ಕಿನ ತೊಲೆ) ಎದುರುಬದುರಿಟ್ಟು ಅಂಚಿಗಂಚು ವೆಲ್ಡ್ ಮಾಡಿದ ಬಾಕ್ಸ್. ತೂತು ಕೊರೆದದ್ದು ಆ ವೆಲ್ಡ್ ಗೆರೆಯ ಮೇಲೇ. ಅಂಚು ಬಗ್ಗಿ ಬಾಯಿ ಬಿಟ್ಟು ನಟ್ ಒಳಕ್ಕೆ ನುಗ್ಗಿತು. ರಾಡ್ ಮಾತ್ರ ಚಾವಣಿಯಲ್ಲೇ ನೇತಾಡ್ತಿತ್ತು. ತನಿಖೆಯಲ್ಲಿ ಇನ್ನೊಂದೂ ಹೊರಬಿತ್ತು: ಮೂಲ ಡ್ರಾಯಿಂಗ್‌ನಂತೆ ಒಂದೇ ರಾಡ್ ಹಾಕಿದ್ದರೂ ಆ ಜಾಯಿಂಟ್‌ಗೆ ನಿಯಮ ಕೇಳುವಷ್ಟು ಬಲ ಇರಲಿಲ್ಲ, ಸುಮಾರು 60 ಶೇಕಡಾ ಅಷ್ಟೇ. ಹಾಗಾಗಿ "ಡ್ರಾಯಿಂಗ್ ಪ್ರಕಾರವೇ ಮಾಡ್ತೀವಿ" ಅಂದ ಮಾತ್ರಕ್ಕೂ ಬಿಡಬೇಡಿ, ಜಾಯಿಂಟ್ ಲೆಕ್ಕ ತೋರಿಸಿ ಅನ್ನಿ.

ವೆಲ್ಡರ್_ಅಣ್ಣ:
ಮೇಷ್ಟ್ರೇ, ದಪ್ಪ ನಟ್, ದೊಡ್ಡ ವಾಷರ್ ಹಾಕಿಬಿಟ್ಟರೆ ಆಗಲ್ವಾ?

ಕಬ್ಬಿಣದ_ಮೇಷ್ಟ್ರು:
ಮಣಿಯೋದು ನಟ್ ಅಲ್ಲ ಅಣ್ಣ, ಅದು ಒತ್ತೋ ತಗಡು. ಚಾನಲ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು ನಡುವೆ ರಾಡ್ ಬಿಟ್ಟು, ಅಡಿಗೆ ದಪ್ಪ ಬೇರಿಂಗ್ ಪ್ಲೇಟ್ ಕೊಟ್ಟರೆ ಭಾರ ನೇರ ವೆಬ್‌ಗೆ (ಚಾನಲ್‌ನ ನೆಟ್ಟಗಿರೋ ಗೋಡೆ) ಏರುತ್ತೆ. ಬಾಕ್ಸೇ ಬೇಕು ಅಂದರೆ ಒಳಗೆ ಸ್ಟಿಫ್ನರ್ (ಬಗ್ಗದಂತೆ ತಡೆಯೋ ತಗಡು) ಬೇಕು. ಎಷ್ಟು ದಪ್ಪ ಅನ್ನೋದನ್ನ ಇಂಜಿನಿಯರ್ ಹೇಳಲಿ. ನಮ್ಮಲ್ಲಿ ಬೀಮ್ ಲೆಕ್ಕಕ್ಕೆ ಹತ್ತು ಪುಟ ಕೊಡ್ತಾರೆ, ಜಾಯಿಂಟ್‌ಗೆ "ತಕ್ಕಂತೆ ಮಾಡಿಕೊಳ್ಳಿ" ಅಂತ ಒಂದು ಸಾಲು. ನನಗೆ ಮೈಯುರಿಯೋದು ಅಲ್ಲೇ.

ಬೋಲ್ಟ್_ನಟ್:
ಬೋಲ್ಟ್ ಗ್ರೇಡೂ ನೋಡಿ. 12.9 ಗ್ರೇಡಿನಂಥ ತುಂಬಾ ಗಟ್ಟಿ ಬೋಲ್ಟ್‌ಗೆ ಆಸಿಡ್‌ನಲ್ಲಿ ತೊಳೆದು ಜಿಂಕ್ ಪ್ಲೇಟಿಂಗ್ ಮಾಡಿಸಿದರೆ ಹೈಡ್ರೋಜನ್ ಒಳಸೇರಿ ಪೆಡಸಾಗುತ್ತೆ. ಬಿಗಿದಾಗ ಏನೂ ಆಗಲ್ಲ, ದಿನಗಳಾದ ಮೇಲೆ ಪಟ್ ಅಂತ ಮುರಿಯುತ್ತೆ. ಲಂಡನ್ನಿನ ಲೀಡನ್‌ಹಾಲ್ ಕಟ್ಟಡದಿಂದ 2014ರಲ್ಲಿ ಬೋಲ್ಟ್ ತುಂಡು ಉದುರಿದ್ದೂ ಹೈಡ್ರೋಜನ್‌ನಿಂದ ಪೆಡಸಾಗೇ.

ಸೈಟ್_ಸೂಪರ್‌ವೈಸರ್:
ತುಂಬಾ ಥ್ಯಾಂಕ್ಸ್. ನಮ್ಮದೂ ಎರಡು ಚಾನಲ್ ಸೇರಿಸಿದ ಬಾಕ್ಸೇ, ತೂತು ವೆಲ್ಡ್ ಮೇಲೇ ಬರುತ್ತೆ. ಕೆಲಸ ನಿಲ್ಲಿಸಿದೀನಿ. ಇಂಜಿನಿಯರ್ ಫೋನಲ್ಲಿ "ಪರವಾಗಿಲ್ಲ, ಮಾಡಿ" ಅಂದುಬಿಟ್ಟರೆ?

ಕಬ್ಬಿಣದ_ಮೇಷ್ಟ್ರು:
ಫೋನ್ ಮಾತು ಲೆಕ್ಕಕ್ಕಿಲ್ಲ. ಹೊಸ ರಿವಿಷನ್ ನಂಬರ್ ಇರೋ ಡ್ರಾಯಿಂಗ್, ಜಾಯಿಂಟ್ ಲೆಕ್ಕ, ಅವರ ಸಹಿ, ಮೂರೂ ಬರಲಿ. ಅಲ್ಲಿವರೆಗೆ ಒಂದು ತೂತೂ ಕೊರೆಸಬೇಡಿ, ಈಗಾಗಲೇ ತೂಗುಹಾಕಿದ್ದು ಏನಾದರೂ ಇದ್ದರೆ ಕೆಳಗಿಂದ ಪ್ರಾಪ್ಸ್ (ಆಸರೆ ಕಂಬ) ಕೊಡಿಸಿ.