7 ವರ್ಷದ ಸರ್ವಿಸ್, ದೃಷ್ಟಿ ಹೋಗುತ್ತಿದೆ: ಯುಪಿಎಸ್‌ನಲ್ಲಿ ಪಿಂಚಣಿ ಸಿಗುತ್ತಾ?

ಪ್ರಶ್ನೆ: ನಮ್ಮ ಯಜಮಾನರು ಕೇಂದ್ರ ಸರ್ಕಾರಿ ನೌಕರರು. ಸರ್ವಿಸ್ 7 ವರ್ಷ. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಬಿಟ್ಟು ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ತಗೊಂಡಿದ್ದಾರೆ. ಈಗ ದಿನೇ ದಿನೇ ದೃಷ್ಟಿ ಮಂಜಾಗುತ್ತಿದೆ. 10 ವರ್ಷ ತುಂಬದಿದ್ದರೆ ಪಿಂಚಣಿ ಇಲ್ಲ ಅಂತಾರೆ. ನಿಜವಾ? ಅನುಭವ ಇದ್ದವರು ಹೇಳಿ.

ಉತ್ತರ: ಅಕ್ಕ, ಮೊದಲು ಒಂದು ಮಾತು. ರಾಜೀನಾಮೆ ಪತ್ರಕ್ಕೆ ಮಾತ್ರ ಅವರು ಸಹಿ ಹಾಕದಂತೆ ನೋಡಿಕೊಳ್ಳಿ. ನಮ್ಮ ಭಾವನಿಗೆ ಬೆನ್ನುಹುರಿಗೆ ಪೆಟ್ಟಾದಾಗ, "ಸುಮ್ನೆ ಬರೆದುಕೊಟ್ಟು ಮನೇಲಿ ಆರಾಮಾಗಿರಿ" ಎಂದು ಆಫೀಸಿನಲ್ಲಿ ಹೇಳಿದರು. ನಾವೂ ಹೂಂ ಅಂದಿದ್ದೆವು. ನಿವೃತ್ತರಾಗಿದ್ದ ಅಕೌಂಟ್ಸ್‌ನ ಹಿರಿಯರೊಬ್ಬರು ತಡೆದರು. ಆವತ್ತು ಅವರು ಸಿಗದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಭಯವಾಗುತ್ತದೆ.

10 ವರ್ಷದ ಲೆಕ್ಕ ಮಾಮೂಲಿ ನಿವೃತ್ತಿಗೆ. ಅಷ್ಟು ಸರ್ವಿಸ್ ಇದ್ದರೆ ಯುಪಿಎಸ್‌ನಲ್ಲಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ಆದರೆ ಅಂಗವೈಕಲ್ಯದಿಂದ ಕೆಲಸ ಬಿಡಬೇಕಾದವರು ಹಳೆಯ ಪಿಂಚಣಿ ನಿಯಮದ ಸೌಲಭ್ಯವನ್ನೇ ಆರಿಸಿಕೊಳ್ಳಬಹುದು. ಎನ್‌ಪಿಎಸ್‌ನವರಿಗೆ ಇದು 2021ರ ನಿಯಮದಲ್ಲೇ ಇತ್ತು, ಯುಪಿಎಸ್‌ನವರಿಗೆ 2025ರ ಜೂನ್‌ನಲ್ಲಿ ಆದೇಶ ಬಂತು. ಹಳೆಯ ನಿಯಮದ ಇನ್‌ವ್ಯಾಲಿಡ್ ಪಿಂಚಣಿಗೆ, ಅಂದರೆ ಅಂಗವೈಕಲ್ಯದಿಂದ ಕೆಲಸ ಮಾಡಲಾಗದೆ ನಿವೃತ್ತರಾಗುವವರ ಪಿಂಚಣಿಗೆ, 10 ವರ್ಷದ ಷರತ್ತನ್ನು 2019ರಲ್ಲೇ ತೆಗೆದಿದ್ದಾರೆ. ಭಾವನಿಗೆ ಸಿಕ್ಕಿದ್ದು ಅದೇ. ಮೆಡಿಕಲ್ ಬೋರ್ಡ್ ಸರ್ಟಿಫಿಕೇಟ್‌ಗೆ ಮಾತ್ರ ತುಂಬಾ ಓಡಾಡಿದೆವು.

ಇನ್ನೊಬ್ಬರು: ಪಿಂಚಣಿಗೂ ಮುಂಚೆ ಕೆಲಸ ಉಳಿಸಿಕೊಳ್ಳಿ ಅಕ್ಕ. 2016ರ ವಿಕಲಚೇತನರ ಹಕ್ಕು ಕಾಯ್ದೆಯ 20ನೇ ಸೆಕ್ಷನ್ ಓದಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತು ಎಂದು ಸರ್ಕಾರಿ ಸಂಸ್ಥೆ ಯಾರನ್ನೂ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ನನಗೂ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಸಿಕೊಂಡು ಈಗಲೂ ಕೆಲಸ ಮಾಡುತ್ತಿದ್ದೇನೆ. ಶುರುವಿನ ಆರು ತಿಂಗಳು ತುಂಬಾ ಕಷ್ಟ, ಆಮೇಲೆ ಕೈ ಕೂರುತ್ತದೆ.

ಮತ್ತೊಬ್ಬರು: ಖಾಸಗಿ ಕಂಪನಿಯವರು ಯಾರಾದರೂ ಓದುತ್ತಿದ್ದರೆ, ಇಪಿಎಸ್‌ನಲ್ಲಿ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಪಿಂಚಣಿ ಉಂಟು. ಕನಿಷ್ಠ ಮೊತ್ತ ಬರೀ 1,000 ರೂಪಾಯಿ. ಅದು ಜಾಸ್ತಿಯಾಗಲೇಬೇಕು.

ಕೇಳಿದವರು: ಎಲ್ಲರಿಗೂ ಕೈ ಮುಗಿದೆ. ಸ್ವಯಂ ನಿವೃತ್ತಿ ಕೇಳಿದರೆ ಹೇಗೆ ಅಂತ ಯೋಚಿಸುತ್ತಿದ್ದರು.

ಉತ್ತರ: ಬೇಡ ಅಕ್ಕ. ಯುಪಿಎಸ್‌ನಲ್ಲಿ ಅದಕ್ಕೆ 25 ವರ್ಷ ಸರ್ವಿಸ್ ಆಗಿರಬೇಕು. ನಾಳೆಯೇ ಬೇರೆ ಹುದ್ದೆಗೆ ಅರ್ಜಿ ಕೊಡಿಸಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.