ತಾಳಮದ್ದಳೆ ಕೇಳಲು ಚಿಕ್ಕ ಆಕ್ಟಿವ್ ಸ್ಪೀಕರ್‌ಗಳು ಸಾಕಾಗುತ್ತವೆಯೇ?

ಪ್ರಶ್ನೆ (ಶಿರಸಿ):
10 ಅಡಿ ಅಗಲ, 12 ಅಡಿ ಉದ್ದದ ಕೋಣೆಯಲ್ಲಿ ತಾಳಮದ್ದಳೆ ಮತ್ತು ಹಿಂದೂಸ್ತಾನಿ ಗಾಯನ ಕೇಳಲು, ಬೇರೆ ಆಂಪ್ಲಿಫೈಯರ್ ಬೇಡದ ಆಕ್ಟಿವ್ ಬುಕ್‌ಶೆಲ್ಫ್ ಸ್ಪೀಕರ್ ಜೋಡಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. 4 ಇಂಚಿನ ವೂಫರ್‌ನಲ್ಲಿ (ತಗ್ಗಿನ ಧ್ವನಿ ಹೊರಡಿಸುವ ಭಾಗ) ಮದ್ದಳೆಯ ನುಡಿ ಸ್ಪಷ್ಟವಾಗಿ ಕೇಳೀತೇ? ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬಹುದೇ?

ಉತ್ತರ (ಕುಮಟಾ):
ಧಾರಾಳವಾಗಿ ಕೇಳುತ್ತದೆ. ಭಾಗವತರ ಪದ್ಯ, ಅರ್ಥಧಾರಿಗಳ ಮಾತು, ಮದ್ದಳೆಯ ಛಾಪು ಇವೆಲ್ಲವೂ ಇಂಥ ಸ್ಪೀಕರ್‌ಗಳಲ್ಲಿ ಬಹಳ ಸ್ವಚ್ಛವಾಗಿ ಬರುತ್ತವೆ. ತಬಲಾದ ಡಗ್ಗಾದ ಆಳವಾದ ಗುಂಜು ಮಾತ್ರ ತುಸು ತೆಳುವಾಗುತ್ತದೆ. ಆದರೆ ಇಡುವ ಜಾಗವೇ ಮುಖ್ಯ. ಗಾಳಿ ಹೊರಬರುವ ರಂಧ್ರ ಹಿಂಬದಿಯಲ್ಲಿದ್ದರೆ, ಗೋಡೆಗೆ ಒತ್ತಿಟ್ಟಾಗ ಬಾಸ್ ಉಬ್ಬಿ ಮಾತಿನ ಸ್ಪಷ್ಟತೆಯನ್ನು ನುಂಗುತ್ತದೆ. ಒಂದಡಿಯಾದರೂ ಅಂತರ ಬಿಡಿ, ಟ್ವೀಟರ್ (ತಾರ ಧ್ವನಿ ಹೊರಡಿಸುವ ಚಿಕ್ಕ ಭಾಗ) ನೀವು ಕುಳಿತಾಗಿನ ಕಿವಿಯ ಮಟ್ಟಕ್ಕಿರಲಿ. ಜಾಗವೇ ಇಲ್ಲದಿದ್ದರೆ ರಂಧ್ರ ಮುಂಬದಿಯಲ್ಲಿರುವುದನ್ನು ಆರಿಸಿ.

ಉತ್ತರ (ಕಾರವಾರ):
ಕೊಳ್ಳುವ ಮುನ್ನ ಒಂದು ಸಂಗತಿ ಗಮನಿಸಿ. ಆಕ್ಟಿವ್ ಎಂದು ಮಾರುವ ಹಲವು ಜೋಡಿಗಳಲ್ಲಿ ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿದ್ದು, ಇನ್ನೊಂದಕ್ಕೆ ವೈರ್ ಮಾತ್ರ ಹೋಗುತ್ತದೆ. ನಿಜವಾದ ಆಕ್ಟಿವ್ ವಿನ್ಯಾಸದಲ್ಲಿ ವೂಫರ್ ಮತ್ತು ಟ್ವೀಟರ್‌ಗೆ ಪ್ರತ್ಯೇಕ ಆಂಪ್ಲಿಫೈಯರ್ ಇದ್ದು, ಧ್ವನಿಯನ್ನು ತಗ್ಗು ಮತ್ತು ತಾರ ಎಂದು ವಿಭಜಿಸುವುದು ಆಂಪ್ಲಿಫೈಯರ್‌ಗೂ ಮೊದಲೇ ಆಗುತ್ತದೆ. ಮೊದಲನೆಯದಕ್ಕೆ ಒಂದೇ ಕರೆಂಟ್ ಪ್ಲಗ್ ಸಾಕು, ಎರಡನೆಯದಕ್ಕೆ ಸಾಮಾನ್ಯವಾಗಿ ಎರಡು ಬೇಕು. ಮೊಬೈಲ್‌ಗೆ ಬ್ಲೂಟೂತ್, ಟಿವಿಗೆ ಆಪ್ಟಿಕಲ್ (ಬೆಳಕಿನ ಕೇಬಲ್) ಸಂಪರ್ಕ ಇದ್ದರೆ ಮನೆಯವರೆಲ್ಲರೂ ಬಳಸುತ್ತಾರೆ. ನಮ್ಮ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಪಿನ್‌ಗಳು ಹಸಿರುಗಟ್ಟುತ್ತವೆ. ನಿಮ್ಮಲ್ಲಿ ಮಳೆಗಾಲದ ತೇವವಿದೆ, ಕಿಟಕಿಯಿಂದ ದೂರವಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಮುಂಬದಿ ರಂಧ್ರದ ಜೋಡಿಯನ್ನೇ ಹುಡುಕುತ್ತೇನೆ.