ಸಂಶೋಧನೆಯ ಡೇಟಾ: ಲೈಬ್ರರಿಯನ್ ಮೇಡಂಗೆ ಕೇಳಿ

ಅಡ್ಮಿನ್: ಡೇಟಾ ಉಳಿಸುವುದು, ಹಂಚುವುದರ ಬಗ್ಗೆ ಏನಿದ್ದರೂ ಇಲ್ಲಿ ಕೇಳಿ. ವಿಶ್ವವಿದ್ಯಾಲಯದ ಲೈಬ್ರರಿಯನ್ ಮೇಡಂ ಉತ್ತರಿಸುತ್ತಾರೆ.

ಸಸ್ಯಶಾಸ್ತ್ರ, ಧಾರವಾಡ: ಮೇಡಂ, ಎಲ್ಲಾ ಗೂಗಲ್ ಡ್ರೈವ್‌ನಲ್ಲಿದೆ. ಅಷ್ಟು ಸಾಕಲ್ವಾ?

ಲೈಬ್ರರಿಯನ್: ಸಾಲದು. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಸಿಂಕ್ ಆಗಿ ಅಲ್ಲೂ ಅಳಿಸುತ್ತದೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ವಾಪಸ್ ತೆರೆಯುತ್ತದಾ ಎಂದು ಆಗಾಗ ನೋಡಿ. 2021ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಬ್ಯಾಕಪ್ ಪ್ರೋಗ್ರಾಮ್‌ನ ದೋಷದಿಂದಲೇ ಸುಮಾರು 77 ಟೆರಾಬೈಟ್ ಅಳಿಸಿಹೋಯಿತು.

ಜಾನಪದ, ಹಂಪಿ: ನುಡಿಯಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತಿದೆ.

ಲೈಬ್ರರಿಯನ್: ಅದು ಹಳೆಯ ಫಾಂಟ್. ಯುನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ತಪ್ಪುತ್ತವೆ, ಕಣ್ಣಾರೆ ಓದಿ ನೋಡಿ. ಹಳೆ ಫೈಲನ್ನೂ ಉಳಿಸಿ.

ಸಮುದಾಯ ಆರೋಗ್ಯ, ಕಲಬುರಗಿ: ಮೇಡಂ, ಕುಷ್ಠರೋಗದಿಂದ ಗುಣವಾದವರನ್ನು ಸಂದರ್ಶಿಸಿದ್ದೇನೆ. ಜರ್ನಲ್‌ನವರು ಡೇಟಾ ಕೇಳುತ್ತಿದ್ದಾರೆ. ಹೆಸರು ತೆಗೆದಿದ್ದೇನೆ. ಹಳ್ಳಿ, ವಯಸ್ಸು, ಜಾತಿ, ಕಸುಬು ಹಾಗೇ ಇವೆ. ಇವತ್ತು ರಾತ್ರಿ ಜೆನೋಡೋ ಸೈಟ್‌ಗೆ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಹಾಕಿಬಿಡಲಾ?

ಲೈಬ್ರರಿಯನ್: ದಯವಿಟ್ಟು ಇವತ್ತು ಹಾಕಬೇಡಿ. ಓದಿ ಭಯವಾಯಿತು. ಇನ್ನೂರು ಮನೆಯ ಹಳ್ಳಿಯಲ್ಲಿ 58 ವರ್ಷದ, ಇಂಥ ಜಾತಿಯ, ಕಮ್ಮಾರಿಕೆ ಮಾಡುವವರು ಎಷ್ಟು ಜನ ಇದ್ದಾರು? ಊರವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ. ಅಮೆರಿಕದಲ್ಲಿ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಅಲ್ಲಿನ ಪಿನ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ, ಈ ಮೂರರಿಂದಲೇ ಸುಮಾರು 87% ಜನರನ್ನು ಗುರುತಿಸಬಹುದಿತ್ತು. ರೋಗ ಗುಣವಾಗಿ ಎಷ್ಟೋ ವರ್ಷವಾದರೂ ಮಗಳ ಮದುವೆ ಮಾತುಕತೆಗೆ ಇದು ಅಡ್ಡ ಬರುತ್ತದೆ.

ಮೊದಲು ಒಪ್ಪಿಗೆ ಪತ್ರ ತೆಗೆದು ನೋಡಿ. ಅವರಿಗೆ ಏನೆಂದು ಓದಿ ಹೇಳಿದ್ದಿರಿ? ಹಂಚುವ ಮಾತು ಅದರಲ್ಲಿ ಇಲ್ಲದಿದ್ದರೆ ಎಥಿಕ್ಸ್ ಕಮಿಟಿಯನ್ನು ಕೇಳದೆ ಮುಂದೆ ಹೋಗಬೇಡಿ. ಇದ್ದರೂ ಹಳ್ಳಿಯ ಬದಲು ಜಿಲ್ಲೆ ಹಾಕಿ, ವಯಸ್ಸನ್ನು 50-59 ಎಂದು ಗುಂಪು ಮಾಡಿ. ಜಾತಿ, ಕಸುಬು ಇರಲೇಬೇಕಾ ಯೋಚಿಸಿ. ಮಾತಿನ ನಡುವೆ ಡಾಕ್ಟರ ಹೆಸರು, ಮಗನ ಶಾಲೆಯ ಹೆಸರು ಬಂದಿರುತ್ತದೆ, ಅದನ್ನೂ ತೆಗೆಯಿರಿ. ಜೆನೋಡೋದಲ್ಲಿ ವಿವರ ಎಲ್ಲರಿಗೂ ಕಾಣುವಂತೆ, ಫೈಲ್ ಮಾತ್ರ ಅನುಮತಿ ಪಡೆದವರಿಗೆ ಸಿಗುವಂತೆ ಇಡಬಹುದು. ತೆರೆದಿಟ್ಟು ಯಾರಾದರೂ ಇಳಿಸಿಕೊಂಡರೆ ವಾಪಸ್ ತರಲು ಆಗುವುದಿಲ್ಲ.

ಭೌತಶಾಸ್ತ್ರ, ತುಮಕೂರು: ಫಾರ್ವರ್ಡ್ ಬಂದಿದೆ. ಹಾರ್ಡ್ ಡಿಸ್ಕ್ ಕಟಕಟ ಎಂದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡಬೇಕಂತೆ.

ಲೈಬ್ರರಿಯನ್: ಇಡಬೇಡಿ! ಹೊರಗೆ ತೆಗೆದಾಗ ಒಳಗೆ ತೇವ ಕಟ್ಟುತ್ತದೆ. ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ, ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಭೌತಶಾಸ್ತ್ರ, ತುಮಕೂರು: ನಮ್ಮ ಅಣ್ಣನ ಡಿಸ್ಕ್ ಹಾಗೇ ಸರಿಹೋಯಿತು.

ಲೈಬ್ರರಿಯನ್: ಹಾಳಾದವರು ಫಾರ್ವರ್ಡ್ ಕಳಿಸುವುದಿಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ನಿವೃತ್ತ ಪ್ರಾಧ್ಯಾಪಕ: ಡೇಟಾ ಗೈಡ್ ನೋಡಿಕೊಳ್ಳುತ್ತಾರೆ. ಲೈಬ್ರರಿಯವರಿಗೆ ಪುಸ್ತಕ ಸಾಲದಾ?

ಪ್ರಾಣಿಶಾಸ್ತ್ರ, ಶಿವಮೊಗ್ಗ: ಸರ್, ನಮ್ಮ ಲ್ಯಾಬಿನ ಹಳೆ ಡೇಟಾ ಕೇಳಿದರೆ ಯಾವ ಪೆನ್ ಡ್ರೈವ್‌ನಲ್ಲಿದೆ ಎಂದು ಗೈಡ್‌ಗೇ ಗೊತ್ತಿರಲಿಲ್ಲ.

ನಿವೃತ್ತ ಪ್ರಾಧ್ಯಾಪಕ: ಗೈಡ್ ಬಗ್ಗೆ ಗೌರವವಿಟ್ಟು ಮಾತಾಡಿ.

ಪ್ರಾಣಿಶಾಸ್ತ್ರ, ಶಿವಮೊಗ್ಗ: ಗೌರವ ಇದೆ ಸರ್. ಡೇಟಾ ಇಲ್ಲ.

ಲೈಬ್ರರಿಯನ್: ಸರ್, 2014ರಲ್ಲಿ ಕರೆಂಟ್ ಬಯಾಲಜಿ ಜರ್ನಲ್‌ನಲ್ಲಿ ಬಂದ ಅಧ್ಯಯನ 516 ಪೇಪರ್‌ಗಳ ಡೇಟಾ ಹುಡುಕಿ ನೋಡಿತು. ಪೇಪರ್‌ಗೆ ಒಂದೊಂದು ವರ್ಷ ವಯಸ್ಸಾದಂತೆ ಡೇಟಾ ಉಳಿದಿರುವ ಸಂಭವ 17% ಇಳಿಯುತ್ತಿತ್ತು. ಉಳಿಸುವುದು, ವಿವರ ಬರೆದಿಡುವುದು, ಹುಡುಕಿಕೊಡುವುದು ಲೈಬ್ರರಿಯ ಕೆಲಸವೇ.

ಅರ್ಥಶಾಸ್ತ್ರ, ಮಂಗಳೂರು: ಥೀಸಿಸ್ ಆನ್‌ಲೈನ್ ಭಂಡಾರ ಶೋಧಗಂಗಾಗೆ ಹೋಗುತ್ತದಲ್ಲ, ಡೇಟಾನೂ ಅಲ್ಲೇ ಹಾಕಬಹುದಾ?

ರಸಾಯನಶಾಸ್ತ್ರ, ಬೆಂಗಳೂರು: ಮೇಡಂ, ಗೂಗಲ್ ಡ್ರೈವ್ ಒಂದೇ ಸಾಕಾ?

ಲೈಬ್ರರಿಯನ್: ಮೇಲೆ ಓದಿ.

ನಿವೃತ್ತ ಪ್ರಾಧ್ಯಾಪಕ: ಪ್ರಶ್ನೆ ಕೇಳಿದವರಿಗೆ ಹೀಗಾ ಉತ್ತರಿಸುವುದು?

ಅಡ್ಮಿನ್: ಸರ್, ಸಾಕು. ಇಬ್ಬರಿಗೂ ಹೇಳುತ್ತಿದ್ದೇನೆ.

ಸಮುದಾಯ ಆರೋಗ್ಯ, ಕಲಬುರಗಿ: ಮೇಡಂ, ಒಪ್ಪಿಗೆ ಪತ್ರದಲ್ಲಿ ‘ನಿಮ್ಮ ಮಾತು ನಮ್ಮ ತಂಡದ ಹೊರಗೆ ಹೋಗುವುದಿಲ್ಲ’ ಎಂದಿದೆ. ಸಂಪಾದಕರು ಶುಕ್ರವಾರದೊಳಗೆ ಎನ್ನುತ್ತಿದ್ದಾರೆ.

ಲೈಬ್ರರಿಯನ್: ಹಾಗಾದರೆ ಸಂದರ್ಶನ ಹಾಕುವ ಹಾಗೇ ಇಲ್ಲ. ಮಾತು ಕೊಟ್ಟಾಗಿದೆ. ಪ್ರಶ್ನಾವಳಿ, ಕೋಡ್‌ಬುಕ್ (ಉತ್ತರಗಳಿಗೆ ಕೊಟ್ಟ ಸಂಕೇತಗಳ ಪಟ್ಟಿ) ಹಾಕೋಣ. ಡೇಟಾ ಏಕೆ ಕೊಡಲಾಗದು ಎಂದು ಪೇಪರ್‌ನಲ್ಲೇ ಬರೆಯಿರಿ, ಎಷ್ಟೋ ಜರ್ನಲ್‌ಗಳು ಒಪ್ಪುತ್ತವೆ. ಒಪ್ಪಿಗೆ ಪತ್ರದ ಖಾಲಿ ಪ್ರತಿ ಕಳಿಸಿ, ಸಹಿ ಇರುವುದು ಬೇಡ. ಸಂಪಾದಕರಿಗೆ ಇಬ್ಬರೂ ಕೂತು ಬರೆಯೋಣ. ಸಂದರ್ಶನದ ಫೈಲ್ ಯಾರಿಗೂ ಕಳಿಸಬೇಡಿ, ನನಗೂ ಬೇಡ.